ಅಜ್ಜನ ಪದ, ಹಳೇ ಲ್ಯಾಪ್‌ಟಾಪ್ ಮತ್ತು ಲಿನಕ್ಸ್

"ಅಣ್ಣಾ, ನನ್ನ ಲ್ಯಾಪ್‌ಟಾಪ್‌ಗೆ ಎಕ್ಸ್‌ಪೈರಿ ಡೇಟ್ ಬಂದಿದೆಯಂತೆ!"

ಸೊರಬದಿಂದ ಚಿಕ್ಕಪ್ಪನ ಮಗ ಫೋನ್ ಮಾಡಿ ಹೀಗಂದಾಗ ನಗು ಬಂತು. ಆದರೆ ಅವನು ಹೇಳಿದ್ದು ಪೂರ್ತಿ ತಪ್ಪೇನಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ನಿಂತಿತು. ವಿಂಡೋಸ್ 11 ಹಾಕೋಣ ಅಂದ್ರೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಇವನದು ಆರನೆಯದು. ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ, ನಿಜ. ಅದು ಒಂದು ವರ್ಷದ ಉಸಿರು ಅಷ್ಟೇ.

ಬೇರೆ ಯಾರಾದರೂ ಆಗಿದ್ದರೆ "ಲಿನಕ್ಸ್ ಹಾಕ್ಕೋ ಮಾರಾಯಾ" ಅಂತ ಒಂದೇ ಮಾತಲ್ಲಿ ಮುಗಿಸುತ್ತಿದ್ದೆ. ಇವನ ಕಥೆ ಬೇರೆ. ಹಗಲು ಅಂಗಡಿ, ರಾತ್ರಿ ಅಟ್ಟದ ಮೇಲಿನ ರೂಮಿನಲ್ಲಿ ರೆಕಾರ್ಡಿಂಗ್. ಎಲ್ಲವೂ ಎಫ್‌ಎಲ್ ಸ್ಟುಡಿಯೋದಲ್ಲಿ. ಅದು ಅಧಿಕೃತವಾಗಿ ವಿಂಡೋಸ್ ಮತ್ತು ಮ್ಯಾಕ್‌ಗೆ ಮಾತ್ರ. ಲಿನಕ್ಸ್‌ನಲ್ಲಿ ಓಡಿಸಿದರೆ ಅದು ನಿಮ್ಮ ಹೊಣೆ.

ಇನ್ನೊಂದು ಗಡಿಬಿಡಿಯೂ ಇತ್ತು. 14ನೇ ತಾರೀಕು ಕಳೆದು ಒಂದೇ ವಾರಕ್ಕೆ ದೀಪಾವಳಿ. ನಮ್ಮ ಕಡೆ ದೀಪಾವಳಿ ಅಂದ್ರೆ ಅಂಟಿಗೆ-ಪಂಟಿಗೆ. ರಾತ್ರಿಯಿಡೀ ಹಚ್ಚಿದ ದೀಪ ಹಿಡಿದು ಮನೆಮನೆಗೆ ಹೋಗಿ ಪದ ಹೇಳುವ ತಂಡ. ಬಾಗಿಲು ತೆಗೆಸುವುದಕ್ಕೂ ಒಂದು ಪದ ಇರುತ್ತದೆ. ಮನೆಯವರು ದೀಪಕ್ಕೆ ಎಣ್ಣೆ ಎರೆಯುತ್ತಾರೆ. ಇವನ ತಾಯಿಯ ತಂದೆ ಅಂಥ ತಂಡದಲ್ಲಿ ಮುಂದಾಳಾಗಿ ಹಾಡುತ್ತಿದ್ದವರು. 2022ರ ದೀಪಾವಳಿಯಲ್ಲಿ ಇವನು ಅವರ ದನಿಯನ್ನು ರೆಕಾರ್ಡ್ ಮಾಡಿದ್ದ. ಮರುವರ್ಷ ಅಜ್ಜ ಹೋದರು. ಅದೂ ಅದೇ ಲ್ಯಾಪ್‌ಟಾಪ್‌ನಲ್ಲೇ ಇತ್ತು.

ಶುಕ್ರವಾರ ರಾತ್ರಿ ಬಸ್ಸಿಗೆ ಹೊರಟು ಶಿಕಾರಿಪುರದ ನಮ್ಮನೆಯಲ್ಲಿ ತಿಂಡಿ ತಿಂದೆ. ಶಿರಾಳಕೊಪ್ಪ ಮೇಲೆ ಸೊರಬ ಮುಟ್ಟಿದಾಗ ಹತ್ತು ಗಂಟೆ. ಹೋಗುವಾಗಲೇ ಒಂದು ಹೊಸ ಎಸ್‌ಎಸ್‌ಡಿ ತೆಗೆದುಕೊಂಡು ಹೋಗಿದ್ದೆ. ಹಳೇ ಡಿಸ್ಕ್ ಮುಟ್ಟಬಾರದು, ಅದನ್ನು ಬಿಚ್ಚಿ ಪಕ್ಕಕ್ಕಿಡಬೇಕು ಅನ್ನುವುದು ನನ್ನ ಹಠ. ಆಫೀಸಿನಲ್ಲಿ ಒಮ್ಮೆ ಸುಟ್ಟುಕೊಂಡ ಕೈ ಇದು.

ಹೊಸ ಡಿಸ್ಕ್‌ಗೆ ಉಬುಂಟು ಸ್ಟುಡಿಯೋ ಹಾಕಿದೆವು, ಅದರ ಮೇಲೆ ವೈನ್. (ಅಂಗಡಿಯಲ್ಲಿ ಸಿಗುವ ವೈನ್ ಅಲ್ಲ. ಚಿಕ್ಕಮ್ಮನಿಗೆ ಇದನ್ನು ಎರಡು ಸಲ ಹೇಳಬೇಕಾಯ್ತು.) ವಿಂಡೋಸ್‌ನ ಪ್ರೋಗ್ರಾಂ "ಫೈಲ್ ತೆಗೆ, ವಿಂಡೋ ಬರೆ" ಅಂತ ಕೇಳುವುದನ್ನು ವೈನ್ ಅಲ್ಲಲ್ಲೇ ಲಿನಕ್ಸ್‌ಗೆ ಅರ್ಥವಾಗುವ ಮಾತಿಗೆ ತಿರುಗಿಸುತ್ತದೆ. ವಿಂಡೋಸ್ ಒಳಗೆ ಇರುವುದೇ ಇಲ್ಲ. 1993ರಿಂದ ನಡೆದುಬಂದ ಪ್ರಾಜೆಕ್ಟ್ ಅದು. ಎಫ್‌ಎಲ್ ಸ್ಟುಡಿಯೋ ಮೊದಲ ಸಲಕ್ಕೇ ತೆರೆದುಕೊಂಡಿತು. ಇವನು ಕುಣಿದ.

ಕುಣಿದದ್ದು ಹತ್ತು ನಿಮಿಷ. ಪ್ಲೇ ಒತ್ತಿದರೆ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ. ಬಫರ್ ಜಾಸ್ತಿ ಮಾಡಿದರೆ ಚಟಪಟ ನಿಲ್ಲುತ್ತದೆ, ಆದರೆ ಸದ್ದು ತಡವಾಗುತ್ತದೆ. ಲೆಕ್ಕ ಸರಳ: ಸೆಕೆಂಡಿಗೆ 48,000 ಸ್ಯಾಂಪಲ್ ಇದ್ದಾಗ 1024ರ ಬಫರ್ ಅಂದ್ರೆ ಸುಮಾರು 21 ಮಿಲಿಸೆಕೆಂಡ್. ಸದ್ದು ಗಾಳಿಯಲ್ಲಿ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಅಂದರೆ ಜೊತೆಗಾರ ಏಳು ಮೀಟರ್ ಆಚೆ ನಿಂತು ಡೊಳ್ಳು ಬಾರಿಸಿದಂತೆ. ಮಿಕ್ಸ್ ಮಾಡಲು ತೊಂದರೆಯಿಲ್ಲ, ಕೇಳುತ್ತಾ ಹಾಡಲು ಕಿರಿಕಿರಿ.

ತಪ್ಪು ಪ್ರೊಸೆಸರ್‌ದಲ್ಲ, ದಾರಿಯದು. ವಿಂಡೋಸ್‌ನ ಸಂಗೀತ ಸಾಫ್ಟ್‌ವೇರ್‌ಗಳು ಸೌಂಡ್‌ಕಾರ್ಡ್ ಜೊತೆ ನೇರ ಮಾತಾಡಲು ಆಸಿಯೋ ಡ್ರೈವರ್ ಬಳಸುತ್ತವೆ. ವೈನ್‌ನಲ್ಲಿ ಆ ನೇರ ದಾರಿ ತಾನಾಗಿ ಇರುವುದಿಲ್ಲ, ವೈನ್‌ಆಸಿಯೋ ಅಂತ ಬೇರೆ ಹಾಕಿಕೊಳ್ಳಬೇಕು. ಅದು ಸದ್ದನ್ನು ಜ್ಯಾಕ್ ಅಥವಾ ಪೈಪ್‌ವೈರ್‌ಗೆ ದಾಟಿಸುತ್ತದೆ. ಹಾಕಿದ ಮೇಲೆ 256ಕ್ಕೆ ಇಳಿಸಿದೆವು, ಸುಮಾರು 5 ಮಿಲಿಸೆಕೆಂಡ್. ಚಟಪಟ ಇಲ್ಲ. ಅವನ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಯಾವ ಡ್ರೈವರೂ ಕೇಳದೆ ನಡೆಯಿತು.

ಸಂಜೆ ಅಜ್ಜನ ಪ್ರಾಜೆಕ್ಟ್ ತೆರೆದ.

ಹಿಮ್ಮೇಳದವರ ದನಿ ಇತ್ತು. ಅಜ್ಜನ ಟ್ರ್ಯಾಕ್ ಮೌನ. ಶ್ರುತಿ ತಿದ್ದುವ ಒಂದು ಪ್ಲಗಿನ್ ಹಾಕಿದ್ದನಂತೆ, ಮಾಡಿದ ತಿದ್ದುಪಡಿಯೆಲ್ಲ ಅದರೊಳಗೇ ಕೂತಿತ್ತು. ವೈನ್‌ನಲ್ಲಿ ಆ ಪ್ಲಗಿನ್‌ನ ಲೈಸೆನ್ಸ್ ಪರೀಕ್ಷೆಯೇ ದಾಟಲಿಲ್ಲ. ಇಂಥ ಬೀಗಗಳು ವೈನ್‌ನಲ್ಲಿ ಕೈಕೊಡುವುದು ಮಾಮೂಲು. ನಾನು ಟರ್ಮಿನಲ್‌ನಲ್ಲಿ ಏನೇನೋ ಬರೆಯುತ್ತಾ ರಾತ್ರಿ ಒಂದಾಯ್ತು. ಇವನು ಮಾತಾಡುವುದನ್ನೇ ಬಿಟ್ಟ. ನನಗೂ ನಾಚಿಕೆ, ದಿನಾ ಸರ್ವರ್ ಎಬ್ಬಿಸುವವನು ಒಂದು ಪದ ಎಬ್ಬಿಸಲಾರೆ.

ಕೊನೆಗೆ ಹಳೇ ಡಿಸ್ಕ್ ವಾಪಸ್ ಹಾಕಿದೆವು. ನೆಟ್ ಕಿತ್ತು ವಿಂಡೋಸ್ ಎಬ್ಬಿಸಿದರೆ ಎಲ್ಲವೂ ಮೊದಲಿನಂತೆ ಇತ್ತು. ಎಫ್‌ಎಲ್ ಸ್ಟುಡಿಯೋದಲ್ಲಿ ಮಿಕ್ಸರ್‌ನ ಪ್ರತಿ ಟ್ರ್ಯಾಕನ್ನೂ ಬೇರೆ ಬೇರೆ ವೇವ್ ಫೈಲಾಗಿ ತೆಗೆಯುವ ಆಯ್ಕೆ ಇದೆ. ಎಲ್ಲಾ ಹಳೇ ಪ್ರಾಜೆಕ್ಟ್‌ಗಳನ್ನೂ ಹಾಗೆ ಹೊರತೆಗೆದು ಎರಡು ಕಡೆ ಕಾಪಿ ಮಾಡಿದೆವು. ನೀವೂ ಹೀಗೆ ಊರು ಬಿಡುವ ಯೋಚನೆಯಲ್ಲಿದ್ದರೆ ಈ ಕೆಲಸ ಮೊದಲು ಮಾಡಿ, ನಮ್ಮ ಹಾಗೆ ಕೊನೆಗಲ್ಲ. ಪ್ರಾಜೆಕ್ಟ್ ಫೈಲ್ ಅನ್ನುವುದು ಅಡುಗೆಯ ಚೀಟಿ ಇದ್ದಂತೆ. ಸಾಮಾನು ಸಿಗದಿದ್ದರೆ ಚೀಟಿಯಿಂದ ಹೊಟ್ಟೆ ತುಂಬಲ್ಲ.

ರೆಕಾರ್ಡ್ ಮಾಡಿದ ಮೂಲ ಫೈಲ್ ಕೂಡ ಒಂದು ಫೋಲ್ಡರ್‌ನಲ್ಲಿ ಸಿಕ್ಕಿತು. ತಿದ್ದದ ದನಿ. ಎರಡನೇ ಸಾಲಿಗೆ ಅಜ್ಜ ಕೆಮ್ಮುತ್ತಾರೆ, ಯಾರದೋ ಮನೆ ನಾಯಿ ಬೊಗಳುತ್ತದೆ, ಶ್ರುತಿ ಸ್ವಲ್ಪ ಕೆಳಗೆ ಜಾರಿ ಮತ್ತೆ ಮೇಲೆ ಬರುತ್ತದೆ. ಇವನು ಅದನ್ನೇ ಮೂರು ಸಲ ಹಾಕಿದ.

ಹೊಸ ಕೆಲಸಕ್ಕೆ ಈಗ ರೀಪರ್. ಅದಕ್ಕೆ ಲಿನಕ್ಸ್ ಆವೃತ್ತಿಯೇ ಇದೆ, ವೈನ್ ಬೇಡ, 60 ದಿನ ಪ್ರಯೋಗಕ್ಕೆ ಬಿಡುತ್ತಾರೆ. ಶಾರ್ಟ್‌ಕಟ್‌ಗಳು ಬೇರೆ ಅಂತ ಇವನ ಗೊಣಗು ಇನ್ನೂ ನಿಂತಿಲ್ಲ. ಎಫ್‌ಎಲ್ ಬೇಕೆನಿಸಿದಾಗ ವೈನ್‌ನಲ್ಲಿ ತೆರೆಯುತ್ತಾನೆ. ಹಳೇ ಡಿಸ್ಕ್ ಒಂದು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿದೆ.

ಬಲಿಪಾಡ್ಯಮಿಯ ರಾತ್ರಿ ತಂಡ ಬಂದಾಗ ಅಟ್ಟದಿಂದ ಜಗಲಿವರೆಗೆ ಮೈಕಿನ ವೈರ್ ಇಳಿಬಿಟ್ಟಿದ್ದೆವು. ಅಜ್ಜನ ಜಾಗದಲ್ಲಿ ಹಾಡಿದವನಿಗೆ ಇನ್ನೂ ಇಪ್ಪತ್ತೈದು ದಾಟಿಲ್ಲ. ಚಿಕ್ಕಮ್ಮ ದೀಪಕ್ಕೆ ಎಣ್ಣೆ ಎರೆಯಲು ಬಂದವರು ಮೈಕಿನ ಸ್ಟ್ಯಾಂಡ್‌ಗೆ ಎಡವಿದರು. ಆ ಸದ್ದೂ ರೆಕಾರ್ಡ್ ಆಗಿದೆ, ತೆಗೆದಿಲ್ಲ.