ಹೊರಡುವ ಮುನ್ನವೇ ತಲುಪಿಸುವ ವಿಮಾನ

ಗುವಾಮ್ ದ್ವೀಪದಲ್ಲಿ ಮಂಗಳವಾರ ಬೆಳಿಗ್ಗೆ 7ಕ್ಕೆ ವಿಮಾನ ಹೊರಟಿತೆನ್ನಿ. ಅದು ಹವಾಯಿಯ ಹೊನೊಲುಲುವಿನಲ್ಲಿ ಇಳಿಯುವುದು ಸೋಮವಾರ ಸಂಜೆ ಆರರ ಸುಮಾರಿಗೆ. ಅಚ್ಚಿನ ತಪ್ಪಲ್ಲ. ಎರಡೂ ಊರುಗಳ ನಡುವೆ ಅಂತರರಾಷ್ಟ್ರೀಯ ದಿನರೇಖೆ ಇದೆ. ಗುವಾಮಿನ ಗಡಿಯಾರ 20 ಗಂಟೆ ಮುಂದೆ. ಅಲ್ಲಿ ಮಂಗಳವಾರ ಬೆಳಿಗ್ಗೆ 7 ಆದಾಗ ಹೊನೊಲುಲುವಿನಲ್ಲಿ ಸೋಮವಾರ ಬೆಳಿಗ್ಗೆ 11. ಅದಕ್ಕೆ ಪಯಣದ ಏಳು ಗಂಟೆ ಕೂಡಿಸಿದರೆ ಲೆಕ್ಕ ಸರಿಹೋಯಿತು.

ಆ ಏಳು ಗಂಟೆ ಬಂದದ್ದೆಲ್ಲಿಂದ? ದೂರ ಸುಮಾರು 6,100 ಕಿ.ಮೀ., ಪೈಲಟ್‌ಗಳ ಭಾಷೆಯಲ್ಲಿ 3,300 ನಾಟಿಕಲ್ ಮೈಲಿ. ಗ್ಲೋಬಿನ ಮೇಲೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಸಿಗುವ ಅತಿ ಹತ್ತಿರದ ದಾರಿ ಇದು. ಗೋಡೆಯ ನಕ್ಷೆಯಲ್ಲಿ ಇದೇ ದಾರಿ ಉತ್ತರಕ್ಕೆ ಬಾಗಿದಂತೆ ಕಾಣುತ್ತದೆ. ಯುರೋಪ್–ಅಮೆರಿಕದ ಹಾದಿಯಲ್ಲಿ ಈ ಬಾಗು ನೂರಾರು ಕಿಲೋಮೀಟರ್ ಉಳಿಸಬಹುದು. ಸಮಭಾಜಕಕ್ಕೆ ಹತ್ತಿರವಿರುವ ಇಲ್ಲಿ ಉಳಿಯುವುದು ಮೂವತ್ತು ಕಿ.ಮೀ. ಆಸುಪಾಸು, ಅಷ್ಟೇ.

ಸಮಯವನ್ನು ನಿಜವಾಗಿ ಹಿಗ್ಗಿಸಿ ಕುಗ್ಗಿಸುವುದು ಗಾಳಿ. ಗಂಟೆಗೆ 850 ಕಿ.ಮೀ. ಹೋಗುವ ಜೆಟ್‌ಗೆ 60 ಕಿ.ಮೀ. ಎದುರುಗಾಳಿ ಸಿಕ್ಕರೆ 6,100 ಕಿ.ಮೀ. ದಾಟಲು 7 ಗಂಟೆ 43 ನಿಮಿಷ ಬೇಕು. ಅದೇ ಗಾಳಿ ಬೆನ್ನಿಗಿದ್ದರೆ 6 ಗಂಟೆ 42 ನಿಮಿಷ ಸಾಕು. ಒಂದು ಗಂಟೆಯ ವ್ಯತ್ಯಾಸ! ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ಚಳಿಗಾಲದಲ್ಲಿ ಇನ್ನೂ ಜೋರು. ಹಾಗಾಗಿ ಗುವಾಮ್‌ಗೆ ಹೋಗುವಾಗ ಹೆಚ್ಚು ಹೊತ್ತು, ಬರುವಾಗ ಕಡಿಮೆ. ದೂರವನ್ನು ವೇಗದಿಂದ ಭಾಗಿಸಿ ಕೊಡುವ ಆನ್‌ಲೈನ್ ಲೆಕ್ಕಗಳಲ್ಲಿ ಗಾಳಿಯೂ ಇರುವುದಿಲ್ಲ, ರನ್‌ವೇಗೆ ತೆವಳುವ ಹೊತ್ತೂ ಇರುವುದಿಲ್ಲ.

ಕೆಳಗೆ ಬರೀ ನೀರು. ಎರಡೇ ಎಂಜಿನ್ನಿನ ವಿಮಾನ, ಒಂದು ಕೈಕೊಟ್ಟರೂ ನಿಗದಿತ ಸಮಯದೊಳಗೆ ಎಲ್ಲಾದರೂ ಇಳಿಯುವಂತಿರಬೇಕು ಎಂಬುದು ನಿಯಮ. ಅದಕ್ಕೇ ಹಕ್ಕಿಗಳ ಬೀಡಾದ ಮಿಡ್‌ವೇ ದ್ವೀಪದಲ್ಲಿ ರನ್‌ವೇ ಇನ್ನೂ ಸಜ್ಜಾಗಿದೆ. 2014ರ ಜುಲೈನಲ್ಲಿ ಹೊನೊಲುಲುವಿನಿಂದ ಗುವಾಮ್‌ಗೆ ಹೊರಟಿದ್ದ, ಮುನ್ನೂರಕ್ಕೂ ಹೆಚ್ಚು ಮಂದಿಯಿದ್ದ ವಿಮಾನವೊಂದು ತೊಂದರೆ ಕಂಡು ಅಲ್ಲೇ ಇಳಿಯಿತು.

ಪುರುಸೊತ್ತಿದ್ದವರಿಗೆ ಇನ್ನೊಂದು ದಾರಿಯೂ ಇದೆ: ಯುನೈಟೆಡ್ ಸಂಸ್ಥೆಯ ‘ಐಲ್ಯಾಂಡ್ ಹಾಪರ್’. ಮಜುರೊ, ಕ್ವಾಜಲಿನ್, ಕೊಸ್ರೇ, ಪೊನ್‌ಪೇ, ಚುಕ್ ಎಂದು ನಮ್ಮ ಹಳ್ಳಿ ಬಸ್ಸಿನ ಹಾಗೆ ನಿಂತು ನಿಂತು ಸಾಗುತ್ತದೆ. ದಾರಿಯಲ್ಲಿ ಕೆಟ್ಟರೆ ಎಂದು ಮೆಕ್ಯಾನಿಕ್ ಕೂಡ ಜೊತೆಗೇ ಬರುತ್ತಾರೆ. ದೂರ ಹೆಚ್ಚುವುದು ಸಾವಿರ ಕಿಲೋಮೀಟರಿನಷ್ಟು ಮಾತ್ರ. ಸಮಯ ಮಾತ್ರ ಹೆಚ್ಚುಕಡಿಮೆ ಎರಡು ಪಟ್ಟು.

ಯಾವ ವಿಮಾನ ಹಿಡಿದರೂ, ಗುವಾಮಿನ ಹೋಟೆಲ್ ಕೋಣೆ ಕಾಯ್ದಿರಿಸುವಾಗ ಹೊರಡುವ ದಿನಾಂಕ ಹಾಕಬೇಡಿ, ಮರುದಿನದ್ದು ಹಾಕಿ.