ಜಪಾನೀ ಮೋಟಾರಿಗೆ ತಕ್ಕ ದೋಷಸೂಚಕ ಯಂತ್ರ

ಮೋಟಾರು ಗಾಡಿಯನ್ನಿಟ್ಟುಕೊಂಡ ಗೃಹಸ್ಥರಿಗೆ, ಚಾಲಕನ ಮುಂದಿನ ಫಲಕದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪವು ಹೊತ್ತಿಕೊಂಡು ಆರದೆ ನಿಂತಿತೆಂದರೆ ನೆಮ್ಮದಿಯಿರುವುದಿಲ್ಲ. ಗಾಡಿಯು ಹೊರದೇಶದ್ದಾದರೆ ಚಿಂತೆಯು ಇಮ್ಮಡಿಯಾಗುವುದು. ಈ ಶತಮಾನದ ಮೊದಲ ದಶಕದಲ್ಲಿ ಹೋಂಡಾ ಸಿ-ಆರ್-ವಿ, ನಿಸ್ಸಾನ್ ಎಕ್ಸ್-ಟ್ರೇಲ್, ಸುಜುಕಿ ಗ್ರಾಂಡ್ ವಿಟಾರಾ ಮೊದಲಾದುವು ಜಪಾನಿನಲ್ಲಿಯೇ ಪೂರ್ಣವಾಗಿ ಸಿದ್ಧವಾಗಿ ಹಡಗಿನಲ್ಲಿ ನಮ್ಮ ದೇಶಕ್ಕೆ ಬಂದವು. ಕಾಲದ ವೈಚಿತ್ರ್ಯವನ್ನು ನೋಡಿರಿ: ಗ್ರಾಂಡ್ ವಿಟಾರಾ ಎಂಬ ಅದೇ ಹೆಸರಿನ ಬೇರೊಂದು ಗಾಡಿಯು ೨೦೨೨ರಲ್ಲಿ, ಕೆಂಗೇರಿಯಿಂದಾಚೆ ಮೈಸೂರು ರಸ್ತೆಯ ಬಿಡದಿಯಲ್ಲಿರುವ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿಯೇ ತಯಾರಾಗತೊಡಗಿತು. ಆದರೆ ಹೊಸದಕ್ಕೆ ದೊರೆಯುವ ಸಾಮಾನೂ ತಿಳಿವಳಿಕೆಯೂ ಹಳೆಯದಕ್ಕೆ ಸುಲಭವಾಗಿ ದೊರೆಯವು. ಆದುದರಿಂದ ರಾಜಾಜಿನಗರ, ವಿಜಯನಗರಗಳ ಕಡೆ ಇಂತಹ ಹಳೆಯ ಗಾಡಿಯನ್ನು ಕೊಂಡಿರುವವರು, ಗ್ಯಾರೇಜಿಗೆ ಹೋಗುವ ಮೊದಲೇ ದೋಷವನ್ನು ಓದಬಲ್ಲ ಸ್ಕ್ಯಾನರೊಂದನ್ನು ಇಟ್ಟುಕೊಳ್ಳುವುದು ಯುಕ್ತ.

ಈಗಿನ ಎಂಜಿನ್ನನ್ನು ಸಣ್ಣ ಗಣಕವೊಂದು ಆಳುತ್ತದೆ. ಗಾಳಿ, ಇಂಧನ, ಉಷ್ಣ, ಹೊಗೆ ಇವುಗಳ ಸಮಾಚಾರವನ್ನು ಸೆನ್ಸಾರುಗಳು ಅದಕ್ಕೆ ಮುಟ್ಟಿಸುತ್ತಿರುತ್ತವೆ. ಯಾವುದಾದರೊಂದು ಮಿತಿ ಮೀರಿದರೆ ಗಣಕವು ಒಂದು ಸಂಕೇತವನ್ನು ಬರೆದಿಟ್ಟುಕೊಂಡು ದೀಪವನ್ನು ಹೊತ್ತಿಸುತ್ತದೆ. ಹಿಂದೆ ಒಂದೊಂದು ಕಂಪೆನಿಯದು ಒಂದೊಂದು ಪದ್ಧತಿ. ಹಳೆಯ ಟೊಯೋಟಾಗಳಲ್ಲಿ ಎರಡು ತುದಿಗಳನ್ನು ತಂತಿಯಿಂದ ಜೋಡಿಸಿ, ದೀಪವು ಎಷ್ಟು ಸಲ ಮಿನುಗಿತೆಂದು ಎಣಿಸಿ ಸಂಕೇತವನ್ನು ತಿಳಿಯಬೇಕಾಗಿತ್ತು. ೧೯೯೬ರಿಂದ ಅಮೆರಿಕದಲ್ಲಿ ಓ-ಬಿ-ಡಿ ೨ ಎಂಬ ಏಕರೂಪದ ಪದ್ಧತಿಯು ಕಡ್ಡಾಯವಾಯಿತು. ಭಾರತದಲ್ಲಿ ಇಂತಹ ನಿಯಮದ ಮೊದಲ ಹಂತವು ೨೦೧೦ರ ಏಪ್ರಿಲಿನಿಂದಲೂ, ಎರಡನೆಯದು ೨೦೧೩ರ ಏಪ್ರಿಲಿನಿಂದಲೂ ಜಾರಿಗೆ ಬಂದಿತು. ಸ್ಟಿಯರಿಂಗಿನ ಕೆಳಗೆ ಹದಿನಾರು ತೂತುಗಳ ಸಾಕೆಟ್ಟು ಇರುವುದು ಇದಕ್ಕಾಗಿಯೇ.

ಆದರೆ ಸಾಕೆಟ್ಟು ಒಂದೇ ಎಂದಮಾತ್ರಕ್ಕೆ ಭಾಷೆಯೂ ಒಂದೇ ಎಂದು ಭಾವಿಸಬಾರದು. ಹೊಸ ಗಾಡಿಗಳು ೬ ಮತ್ತು ೧೪ನೆಯ ತೂತುಗಳ ಮೂಲಕ 'ಕ್ಯಾನ್' ಎಂಬ ಕ್ರಮದಲ್ಲಿ ಮಾತನಾಡುತ್ತವೆ. ಹಳೆಯವುಗಳಲ್ಲಿ ಅನೇಕವು ೭ನೆಯದರ ಮೂಲಕ 'ಕೆ-ಲೈನ್' ಕ್ರಮದಲ್ಲಿ. ಜಪಾನಿನ ಸ್ವದೇಶೀ ಬಳಕೆಗೆಂದೇ ಮಾಡಿದ ಹಳೆಯ ಗಾಡಿಗಳು ಕೆಲವು ಕಂಪೆನಿಯ ಸ್ವಂತ ಭಾಷೆಯನ್ನು ಮಾತ್ರ ಬಲ್ಲವು. ಅವಕ್ಕೆ ಹದಿನೇಳು ಅಕ್ಷರಗಳ ಗುರುತಿನ ಸಂಖ್ಯೆಯೂ ಇರುವುದಿಲ್ಲವಾದ್ದರಿಂದ, ಆ ಸಂಖ್ಯೆಯಿಂದಲೇ ಗಾಡಿಯನ್ನು ಗುರುತಿಸುವ ಸ್ಕ್ಯಾನರು ಅಲ್ಲಿ ತಡವರಿಸುತ್ತದೆ. ಮಾದರಿಯನ್ನು ಕೈಯಿಂದ ಆರಿಸಲು ಅವಕಾಶವಿರುವುದನ್ನೇ ಕೊಳ್ಳತಕ್ಕದ್ದು.

ಅಂಗಡಿಯಲ್ಲಿ ದೊರೆಯುವುವು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಕೆಲವು ನೂರು ರೂಪಾಯಿಗಳ, ಬ್ಲೂಟೂತಿನ ಮೂಲಕ ಮೊಬೈಲಿಗೆ ಸೇರುವ ಪುಟ್ಟ ಬಿರಡೆ. ಇವುಗಳಲ್ಲಿ ಬಹಳಷ್ಟು ಇ-ಎಲ್-ಎಂ ೩೨೭ ಎಂಬ ಚಿಪ್ಪಿನ ನಕಲು. ಕೆಲವಕ್ಕೆ ಹಳೆಯ ಭಾಷೆಗಳು ಬರುವುದೇ ಇಲ್ಲ. ಎರಡನೆಯದು ಕೆಲವು ಸಾವಿರ ರೂಪಾಯಿಗಳ, ತನ್ನದೇ ಪರದೆಯುಳ್ಳ ಕೈಯಂತ್ರ. ಇವೆರಡರಲ್ಲಿ ಸಾಧಾರಣವಾದವು ಎಂಜಿನ್ನಿನ ಸಂಕೇತಗಳನ್ನು ಮಾತ್ರ ಓದುತ್ತವೆ. ಬ್ರೇಕಿನ ಎ-ಬಿ-ಎಸ್, ಏರ್‌ಬ್ಯಾಗು ಇವುಗಳ ದೋಷವನ್ನು ಓದಲಾರವು. ಮನೆಮಂದಿಯ ಪ್ರಾಣರಕ್ಷಣೆಗೆ ಸಂಬಂಧಪಟ್ಟ ಈ ಎರಡನ್ನೂ ತಮ್ಮ ಕಂಪೆನಿಯ ಗಾಡಿಯಲ್ಲಿ ಓದುವುದೇ ಎಂದು ವಿಚಾರಿಸಿಯೇ ಹಣ ಕೊಡಬೇಕು. ಮೂರನೆಯದು ಟೊಯೋಟಾದ ಟೆಕ್‌ಸ್ಟ್ರೀಮ್, ನಿಸ್ಸಾನಿನ ಕನ್ಸಲ್ಟ್ ಮೊದಲಾದ, ಕಂಪೆನಿಗಳ ಸ್ವಂತ ಸಾಧನ. ಅದು ಗ್ಯಾರೇಜಿಗೆ ಸಲ್ಲುವಂಥದು, ಸಂಸಾರಸ್ಥನಿಗೆ ಅನಾವಶ್ಯಕ.

ಇನ್ನು ಬಳಸುವ ವಿವೇಕ. ಹೊಗೆಯನ್ನು ಕಂಡು ಬೆಂಕಿಯುಂಟೆಂದು ಊಹಿಸಬಹುದು. ಉರಿಯುತ್ತಿರುವುದು ಯಾವ ಕಟ್ಟಿಗೆಯೆಂದು ಹೊಗೆಯು ಹೇಳದು. ಸಂಕೇತವೂ ಹಾಗೆಯೇ. ಪಿ ೦೧೭೧ ಎಂದರೆ ಇಂಧನಕ್ಕಿಂತ ಗಾಳಿಯ ಪ್ರಮಾಣ ಹೆಚ್ಚಾಯಿತೆಂದರ್ಥ. ಕಾರಣವು ಬಿರಿದ ರಬ್ಬರು ಕೊಳವೆಯಿರಬಹುದು, ಗಾಳಿಯನ್ನಳೆಯುವ ಸೆನ್ಸಾರಿನ ಕೊಳೆಯಿರಬಹುದು, ದುರ್ಬಲವಾದ ಪೆಟ್ರೋಲು ಪಂಪೂ ಇರಬಹುದು. ಪರೀಕ್ಷಿಸದೆ ಆಕ್ಸಿಜನ್ ಸೆನ್ಸಾರನ್ನು ಹೊರದೇಶದಿಂದ ತರಿಸಿ ಹಾಕಿಸಿದರೆ ಹಣವೂ ಹೋಗಿ ದೋಷವೂ ಉಳಿಯುತ್ತದೆ. ಆದುದರಿಂದ ಎಂಜಿನ್ ಓಡುತ್ತಿರುವಾಗಲೇ ಅಂಕಿಗಳನ್ನು ತೋರಿಸುವ, ದೋಷವುಂಟಾದ ಕ್ಷಣದ ವಿವರವನ್ನೂ ತೋರಿಸುವ ಸ್ಕ್ಯಾನರೇ ಉತ್ತಮ. ದೀಪವು ಬಿಟ್ಟು ಬಿಟ್ಟು ಮಿನುಗಿದರೆ ಮಾತ್ರ ಪರೀಕ್ಷೆಗೂ ಕಾಯದೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸತಕ್ಕದ್ದು. ಸಿಲಿಂಡರಿನಲ್ಲಿ ಇಂಧನವು ಸರಿಯಾಗಿ ಉರಿಯದೆ ಹೊಗೆಯನ್ನು ಶುದ್ಧಿಗೊಳಿಸುವ ಕನ್ವರ್ಟರೇ ಸುಟ್ಟುಹೋಗುವ ಸಂಭವವುಂಟು.

ಹಳೆಯ ಗಾಡಿಯನ್ನು ಕೊಳ್ಳುವವರಿಗೆ ಇದು ಇನ್ನೂ ದೊಡ್ಡ ಉಪಕಾರ. ಮಾರುವವನು ಸಂಕೇತವನ್ನು ಅಳಿಸಿ ದೀಪವನ್ನಾರಿಸಬಹುದು. ಆದರೆ ಅಳಿಸಿದೊಡನೆ ಗಣಕದ ಸ್ವಪರೀಕ್ಷೆಗಳೂ 'ಪೂರ್ಣವಾಗಿಲ್ಲ' ಎಂಬ ಸ್ಥಿತಿಗೆ ಮರಳುತ್ತವೆ. ಅವು ಮುಗಿಯಲು ಕೆಲವು ದಿನಗಳ ಓಡಾಟ ಬೇಕು. ಬ್ಯಾಟರಿಯನ್ನು ಕಳಚಿದರೂ ಹೀಗಾಗುವುದುಂಟು. ಪರೀಕ್ಷೆಗಳು ಅಪೂರ್ಣವೆಂದು ಕಂಡರೆ ಕಾರಣವನ್ನು ಕೇಳಿ, ವಾರ ಕಳೆದು ಮತ್ತೊಮ್ಮೆ ನೋಡಿದ ಮೇಲೆಯೇ ಮುಂಗಡವನ್ನು ಕೊಡಿರಿ.

ಕೊಳ್ಳುವ ದಿನ ಗಾಡಿಯನ್ನು ಅಂಗಡಿಗೇ ಒಯ್ದು, ಸ್ಕ್ಯಾನರನ್ನು ಸಿಕ್ಕಿಸಿ, ಓದುವುದನ್ನು ಕಣ್ಣಾರೆ ಕಂಡು ತರಬೇಕು. ಕೆಲಸ ಮುಗಿದ ಮೇಲೆ ಕಳಚಿಡಬೇಕು. ಸಾಕೆಟ್ಟಿನ ೧೬ನೆಯ ತೂತಿಗೆ ಬ್ಯಾಟರಿಯ ಸಂಪರ್ಕವು ಸದಾ ಇರುವುದರಿಂದ, ಮರೆತರೆ ದಿನಗಳೆದಂತೆ ಬ್ಯಾಟರಿಯು ಬರಿದಾಗುವುದು.