ಮೀನು ದೋಣಿಯ ತಳಕ್ಕೆ ಎಷ್ಟು ದಪ್ಪದ ತಗಡು?

ಅಮೆರಿಕದ ಮಿನೆಸೋಟದಲ್ಲೋ ಮಿಸೌರಿಯಲ್ಲೋ ಅಲ್ಯುಮಿನಿಯಂ ಮೀನು ದೋಣಿ ಕೊಳ್ಳಲು ಹೋದವರು ಮೊದಲು ಕೇಳುವುದು ಒಂದು ಸಂಖ್ಯೆಯನ್ನು: 0.063, 0.080, 0.100 ಅಥವಾ 0.125. ದೋಣಿಯ ತಳದ ತಗಡು ಎಷ್ಟು ಇಂಚು ದಪ್ಪ ಎಂಬ ಲೆಕ್ಕ ಅದು. ನಮ್ಮ ಅಳತೆಯಲ್ಲಿ 1.6ರಿಂದ 3.2 ಮಿಲಿಮೀಟರ್. ಒಂದು ತುದಿಗೂ ಇನ್ನೊಂದು ತುದಿಗೂ ಇರುವ ಅಂತರ ಒಂದೂವರೆ ಮಿಲಿಮೀಟರ್ ಚಿಲ್ಲರೆ. ಆದರೆ ದೋಣಿಯ ಬೆಲೆ, ಅದಕ್ಕೆ ಬೇಕಾಗುವ ಎಂಜಿನ್ನಿನ ಶಕ್ತಿ, ಅದನ್ನು ಟ್ರೇಲರ್ ಮೇಲೆ ಎಳೆದೊಯ್ಯುವ ವಾಹನ, ನೀರಿನಡಿಯ ಬಂಡೆಗೆ ತಾಗಿದ ದಿನ ದಡ ಸೇರುವ ಭರವಸೆ, ಎಲ್ಲವೂ ಆ ಚಿಲ್ಲರೆ ಅಂತರದ ಮೇಲೆ ನಿಂತಿವೆ.

ದಪ್ಪ ಇದ್ದಷ್ಟೂ ಗಟ್ಟಿ ಎಂದು ನಂಬಿ ಹೆಚ್ಚು ಹಣ ಕೊಡುವವರು ಬಹಳ ಮಂದಿ. ನಂಬಿಕೆ ಪೂರ್ತಿ ಸುಳ್ಳಲ್ಲ. ಆದರೂ ದಪ್ಪವನ್ನು ಒಂಟಿಯಾಗಿ ಕೇಳಿದವರಿಗೆ ಸಿಗುವುದು ಅರ್ಧ ಉತ್ತರ. ತಗಡಿನ ಬೆನ್ನಿಗೆ ಪಕ್ಕೆಲುಬುಗಳು ಎಷ್ಟು ಒತ್ತಾಗಿ ಕೂತಿವೆ, ಅದು ಯಾವ ಮಿಶ್ರಲೋಹ, ದೋಣಿ ಓಡುವುದು ಎಂಥ ನೀರಿನಲ್ಲಿ, ಬಡಿಯುವುದು ಅಲೆಗೋ ಕಲ್ಲಿಗೋ ಎಂಬುದನ್ನು ಅದರ ಜೊತೆಗೇ ಕೇಳಬೇಕು. ಕೆಲವರು ಇಂಚಿನ ಬದಲು ಗೇಜ್ ಲೆಕ್ಕ ಹೇಳುತ್ತಾರೆ. ಅಲ್ಲಿ ಸಂಖ್ಯೆ ಏರಿದಂತೆ ತಗಡು ತೆಳುವಾಗುತ್ತದೆ. ಮೇಲಾಗಿ ಉಕ್ಕಿನ 14 ಗೇಜ್ ಎಂದರೆ 1.9 ಮಿ.ಮೀ., ಅಲ್ಯುಮಿನಿಯಂನ 14 ಗೇಜ್ ಎಂದರೆ 1.6 ಮಿ.ಮೀ. ಮಾತ್ರ. ಗೇಜ್ ಹೇಳಿದವರಿಂದ ಮಿಲಿಮೀಟರ್ ಕೇಳಿ ಬರೆದುಕೊಳ್ಳುವುದು ಕ್ಷೇಮ.

ತೆಳು ತಗಡಿನಿಂದಲೂ ದಶಕಗಟ್ಟಲೆ ಬಾಳುವ ದೋಣಿ ಮಾಡಬಹುದು ಎಂಬುದಕ್ಕೆ ಹಳೆಯ ಸಾಕ್ಷಿಯೊಂದಿದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಗೆ ವಿಮಾನ ಕಟ್ಟಿಕೊಡುತ್ತಿದ್ದ ಗ್ರುಮ್ಮನ್ ಕಂಪನಿಯ ಉಪಾಧ್ಯಕ್ಷ ವಿಲಿಯಂ ಹಾಫ್‌ಮನ್ 1944ರಲ್ಲಿ ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಕಾಡಿನ ಕೆರೆಗಳಿಗೆ ಹೋಗಿದ್ದರು. ಒಂದು ಕೆರೆಯಿಂದ ಇನ್ನೊಂದಕ್ಕೆ ಕ್ಯಾನ್ವಾಸ್ ಹೊದಿಸಿದ ಭಾರದ ಮರದ ದೋಣಿಯನ್ನು ಹೊತ್ತು ಸಾಗಿಸುವಾಗ, ವಿಮಾನದ ತಗಡಿನಿಂದಲೇ ದೋಣಿ ಏಕೆ ಮಾಡಬಾರದು ಎಂಬ ಯೋಚನೆ ಅವರಿಗೆ ಬಂತು. ಮರುವರ್ಷವೇ ಗ್ರುಮ್ಮನ್ ದೋಣಿಗಳು ಮಾರುಕಟ್ಟೆಗೆ ಬಂದವು. ತಗಡನ್ನು ಅಚ್ಚಿನ ಮೇಲೆ ಎಳೆದು ಎರಡು ಹೋಳು ಮಾಡುವುದು, ಕಾಯಿಸಿ ಹದಗೊಳಿಸುವುದು, ನಡುವೆ ರಿವೆಟ್ ಹೊಡೆದು ಕೂಡಿಸುವುದು: ವಿಮಾನ ಕಟ್ಟುವ ಕ್ರಮವನ್ನೇ ದೋಣಿಗೆ ಇಳಿಸಿದ್ದರು. ಸಾಮಾನ್ಯ ಮಾದರಿಯ ತಗಡು 0.050 ಇಂಚು, ಅಂದರೆ 1.27 ಮಿ.ಮೀ.; ಹಗುರ ಮಾದರಿಯದು ಬರೀ 0.032 ಇಂಚು, 0.8 ಮಿ.ಮೀ. ಹದಿನೇಳು ಅಡಿಯ ಸಾಮಾನ್ಯ ದೋಣಿ 34 ಕಿಲೋ ತೂಗುತ್ತಿತ್ತು. ಅಷ್ಟು ತೆಳುವಾದ ತಗಡು ಹೇಗೆ ತಡೆಯಿತು? ಅದರ ಮೈಯೆಲ್ಲ ಬಾಗು. ಬಾಗಿದ ತಗಡು ಅದೇ ದಪ್ಪದ ಚಪ್ಪಟೆ ತಗಡಿಗಿಂತ ಎಷ್ಟೋ ಬಿಗಿ. ಜೊತೆಗೆ ಹುಟ್ಟು ಹಾಕುವ ದೋಣಿಗೆ ವೇಗವಿಲ್ಲ. ಅಲೆಯ ಮೇಲೆ ಎಗರಿ ಬೀಳುವ ಪ್ರಸಂಗ ಅದಕ್ಕೆ ಬರುವುದಿಲ್ಲ.

ಔಟ್‌ಬೋರ್ಡ್ ಎಂಜಿನ್ ಏರಿದ ಮೇಲೆ ಕಥೆ ಬದಲಾಯಿತು. ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಅಲೆಯ ನೆತ್ತಿಯಿಂದ ಕೆಳಕ್ಕೆ ಬೀಳುವ ತಳಕ್ಕೆ ನೀರು ಮೆದುವಾಗಿರುವುದಿಲ್ಲ. ಚಪ್ಪಟೆ ತಳದ ಅಗ್ಗದ ದೋಣಿಗಳಲ್ಲಿ ತಗಡು ಒಳಕ್ಕೂ ಹೊರಕ್ಕೂ ಲಬಕ್ ಲಬಕ್ ಎಂದು ಉಬ್ಬಿ ತಗ್ಗುವುದು ಕಾಲಿಗೇ ಗೊತ್ತಾಗುತ್ತದೆ, ಎಣ್ಣೆ ಡಬ್ಬದ ತಳವನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟ ಹಾಗೆ. ಇದು ಬರೀ ಸದ್ದಿನ ಕಿರಿಕಿರಿಯಲ್ಲ. ಒಂದು ಮಟ್ಟಕ್ಕಿಂತ ಕಡಿಮೆ ಹೊರೆಯನ್ನು ಉಕ್ಕು ಎಷ್ಟು ಸಲ ಬೇಕಾದರೂ ಸಹಿಸಿಕೊಳ್ಳುತ್ತದೆ. ಅಲ್ಯುಮಿನಿಯಂಗೆ ಅಂಥ ಸುರಕ್ಷಿತ ಮಟ್ಟವೇ ಇಲ್ಲ. ಸಣ್ಣ ಬಾಗುವಿಕೆಯಾದರೂ ಲಕ್ಷಾಂತರ ಸಲ ಆದರೆ ಎಲ್ಲೋ ಒಂದು ಕಡೆ ಬಿರುಕು ಹುಟ್ಟುತ್ತದೆ. ರಿವೆಟ್ ತೂತಿನ ಅಂಚು, ಬೆಸುಗೆ ಮುಗಿದ ಜಾಗ, ಪಕ್ಕೆಲುಬಿನ ಕೊನೆ ಅದು ಆರಿಸಿಕೊಳ್ಳುವ ತಾಣಗಳು.

ಇಲ್ಲಿ ಸ್ವಲ್ಪ ಲೆಕ್ಕ ನೋಡಲೇಬೇಕು. ತಗಡಿನ ತೂಕ ದಪ್ಪದ ಜೊತೆ ನೇರವಾಗಿ ಏರುತ್ತದೆ. ಮುರಿಯದೆ ಹೊರುವ ಶಕ್ತಿ ದಪ್ಪದ ವರ್ಗದಷ್ಟು ಏರುತ್ತದೆ. ಬಾಗದೆ ನಿಲ್ಲುವ ಬಿಗಿಯಂತೂ ದಪ್ಪದ ಘನದಷ್ಟು. ಎರಡು ಮಿಲಿಮೀಟರ್ ತಗಡಿನ ಬದಲು ಮೂರು ಹಾಕಿದರೆ ತೂಕ ಒಂದೂವರೆ ಪಟ್ಟಾದರೆ ಬಿಗಿ ಹೆಚ್ಚುಕಡಿಮೆ ಮೂರೂಕಾಲು ಪಟ್ಟು. ದಪ್ಪ ತಗಡಿನ ಪರ ವಾದಿಸುವವರ ಕೈಯಲ್ಲಿರುವ ದೊಡ್ಡ ಬಲ ಇದೇ. ಮಲ್ಪೆ, ಮಂಗಳೂರಿನ ಬಂದರುಗಳಲ್ಲಿ ಮರದ ಬೋಟುಗಳ ಜಾಗಕ್ಕೆ ಉಕ್ಕಿನ ಬೋಟುಗಳು ಬಂದದ್ದನ್ನು ಕಂಡವರಿಗೆ ಇನ್ನೊಂದು ಹೋಲಿಕೆ ಉಪಯೋಗಕ್ಕೆ ಬಂದೀತು. ಅಲ್ಯುಮಿನಿಯಂನ ಬಿಗಿ ಉಕ್ಕಿನ ಮೂರನೇ ಒಂದರಷ್ಟು, ತೂಕವೂ ಹಾಗೆಯೇ. ನಾಲ್ಕು ಮಿಲಿಮೀಟರ್ ಉಕ್ಕಿನಷ್ಟೇ ಬಿಗಿ ಬೇಕೆಂದರೆ ಅಲ್ಯುಮಿನಿಯಂ ಸುಮಾರು 5.7 ಮಿಲಿಮೀಟರ್ ಬೇಕು. ಅಷ್ಟು ದಪ್ಪ ಹಾಕಿದ ಮೇಲೂ ತೂಕ ಉಕ್ಕಿನ ಅರ್ಧ!

ಆದರೆ ಬಿಗಿ ಪಡೆಯಲು ದಪ್ಪವೊಂದೇ ದಾರಿಯಲ್ಲ. ಸಣ್ಣ ದೋಣಿಗಳ ಮೈಕಟ್ಟಿನ ಅಳತೆ ನಿಗದಿಪಡಿಸುವ ಐಎಸ್‌ಒ 12215 ಎಂಬ ಅಂತರರಾಷ್ಟ್ರೀಯ ಮಾನದಂಡದ ಐದನೇ ಭಾಗದಲ್ಲಿರುವ ಸೂತ್ರವನ್ನು ಬಿಡಿಸಿ ನೋಡಿದರೆ ಎರಡು ಸಂಗತಿ ಕಾಣುತ್ತವೆ. ನೀರಿನ ಒತ್ತಡ ಇಮ್ಮಡಿಯಾದರೆ ತಗಡು ಇಮ್ಮಡಿ ಬೇಕಾಗಿಲ್ಲ, ಶೇ 40ರಷ್ಟು ಹೆಚ್ಚು ದಪ್ಪ ಸಾಕು. ಪಕ್ಕೆಲುಬುಗಳ ನಡುವಿನ ಅಂತರವನ್ನು ಅರ್ಧಕ್ಕೆ ಇಳಿಸಿದರೆ ಬೇಕಾಗುವ ದಪ್ಪವೂ ಅರ್ಧಕ್ಕೆ ಇಳಿಯುತ್ತದೆ. ಉದಾಹರಣೆಗೆ, 0.080 ತಗಡಿಗೆ 30 ಸೆಂಟಿಮೀಟರಿಗೊಂದು ಪಕ್ಕೆಲುಬು ಕೊಟ್ಟ ದೋಣಿಯನ್ನೂ 0.100 ತಗಡಿಗೆ 40 ಸೆಂಟಿಮೀಟರಿಗೊಂದು ಕೊಟ್ಟ ದೋಣಿಯನ್ನೂ ಅಕ್ಕಪಕ್ಕ ಇಡಿ. ಅಲೆಯ ಬಡಿತ ತಡೆಯುವುದರಲ್ಲಿ ತೆಳು ತಗಡಿನದೇ ಒಂದು ಕೈ ಮೇಲು. ಬಾಗುವುದಂತೂ ಮೂರನೇ ಒಂದು ಪಾಲಿಗಿಂತಲೂ ಹೆಚ್ಚು ತಗ್ಗುತ್ತದೆ. ಜಾಹೀರಾತಿನ ಹಾಳೆಯಲ್ಲಿ ಗೆಲ್ಲುವುದು ಮಾತ್ರ 0.100. ಪಕ್ಕೆಲುಬಿನ ಅಂತರವನ್ನು ಅದೇ ಹಾಳೆಯಲ್ಲಿ ಅಷ್ಟೇ ದೊಡ್ಡದಾಗಿ ಮುದ್ರಿಸುವ ಪದ್ಧತಿ ಬಂದರೆ ಕೊಳ್ಳುವವರಿಗೆ ನಿಜವಾದ ಉಪಕಾರವಾದೀತು. ಅಲ್ಲಿಯವರೆಗೆ ಅಂಗಡಿಯಲ್ಲೇ ನೆಲಹಲಗೆಯ ಮುಚ್ಚಳ ಎತ್ತಿಸಿ, ಟೇಪ್ ಹಿಡಿದು ತಾವೇ ಅಳೆಯಬೇಕು.

ತೂಕದ ಲೆಕ್ಕವನ್ನೂ ಹಗುರವಾಗಿ ಕಾಣುವಂತಿಲ್ಲ. ಹದಿನಾರು ಅಡಿಯ ದೋಣಿಗೆ ತಳ, ಪಕ್ಕಗಳೆಲ್ಲ ಸೇರಿ 13 ಚದರ ಮೀಟರ್ ತಗಡು ಹಿಡಿಯುತ್ತದೆ ಎಂದುಕೊಳ್ಳೋಣ. ಎರಡು ಮಿಲಿಮೀಟರ್ ಹಾಕಿದರೆ ಬರೀ ತಗಡು 70 ಕಿಲೋ, ಮೂರಾದರೆ 105, ಐದಾದರೆ 175. ಐದರ ದೋಣಿಗೆ ದೊಡ್ಡ ಎಂಜಿನ್ ಬೇಕು, ದೊಡ್ಡ ಎಂಜಿನ್ನಿಗೆ ಹೆಚ್ಚು ಪೆಟ್ರೋಲು, ಅದನ್ನೆಲ್ಲ ಹೊರಲು ಹೆಚ್ಚು ಗಟ್ಟಿಯ ಹಿಂಗೋಡೆ. ಒಬ್ಬರೇ ದೋಣಿ ಇಳಿಸಿ, ಒಬ್ಬರೇ ಎಳೆದುಕೊಂಡು ಸಣ್ಣ ಕೆರೆಯಲ್ಲಿ ಗಾಳ ಹಾಕುವವರಿಗೆ ಇದು ಯಾವ ಲಾಭವನ್ನೂ ತರುವುದಿಲ್ಲ. ಅವರು ಎರಡು ಮಿಲಿಮೀಟರಿನ ಸುತ್ತಮುತ್ತ ಒಳ್ಳೆಯ ರಿವೆಟ್ ದೋಣಿ ನೋಡುವುದೇ ಸರಿ. ಎರಡು ಮಿಲಿಮೀಟರಿಗಿಂತ ತೆಳು ತಗಡಿಗೆ ಬೆಸುಗೆ ಹಾಕುವುದು ಕಷ್ಟದ ಕೆಲಸ: ತಗಡು ಸುಟ್ಟು ತೂತಾಗುತ್ತದೆ, ಕಾವಿಗೆ ಸೊಟ್ಟಗಾಗುತ್ತದೆ. ರಿವೆಟ್ ದೋಣಿ ವರ್ಷಗಳು ಕಳೆದಂತೆ ಸ್ವಲ್ಪ ಸೋರಬಹುದು. ಸಡಿಲವಾದ ರಿವೆಟನ್ನು ಮನೆಯಂಗಳದಲ್ಲೇ ಬಿಗಿಮಾಡಲೂಬಹುದು.

ಇಷ್ಟೆಲ್ಲ ಪಕ್ಕೆಲುಬಿನ ಪರ ಹೇಳಿದ ಮೇಲೆ, ಆ ವಾದ ಸೋಲುವ ಜಾಗವನ್ನೂ ಹೇಳಬೇಕು. ಅದು ಕಲ್ಲಿನ ಹೊಳೆ. ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ ತಮ್ಮ ಸೀಮೆಯ ಆಳವಿಲ್ಲದ, ಸೆಳೆತದ ಹೊಳೆಗಳಲ್ಲಿ ಓಡಿಸಲೆಂದು 1950ರ ದಶಕದಲ್ಲಿ ಜೆಟ್ ದೋಣಿಯನ್ನು ರೂಪಿಸಿದರು. ಅದಕ್ಕೆ ಕೆಳಗೆ ಇಳಿಬಿದ್ದ ಪ್ರೊಪೆಲ್ಲರ್ ಇಲ್ಲ. ನೀರನ್ನು ಒಳಗೆಳೆದು ಹಿಂದಕ್ಕೆ ಚಿಮ್ಮಿಸುತ್ತದೆ. 1960ರಲ್ಲಿ ಅಂಥ ದೋಣಿಗಳು ಕೊಲೊರಾಡೊ ನದಿಯಲ್ಲಿ ಗ್ರ್ಯಾಂಡ್ ಕ್ಯಾನಿಯನ್ ಮೂಲಕ ಪ್ರವಾಹಕ್ಕೆ ಎದುರಾಗಿ ಮೇಲೇರಿದವು. ಆರೆಗಾನ್‌ನ ರೋಗ್ ನದಿಯಲ್ಲಿ 1895ರಿಂದ ದೋಣಿಯಲ್ಲೇ ಅಂಚೆ ಸಾಗುತ್ತಿತ್ತು. ಮುಂದೆ ಆ ನೀರೂ ಜೆಟ್ ದೋಣಿಗಳದಾಯಿತು. ಐಡಹೊದ ಲೂಯಿಸ್ಟನ್ ಊರಿನಲ್ಲಿ, ಸ್ನೇಕ್ ನದಿಯ ಹೆಲ್ಸ್ ಕ್ಯಾನಿಯನ್ ಕಣಿವೆಗೆ ಹೋಗುವವರಿಗಾಗಿ ಬೆಸುಗೆಯ ಅಲ್ಯುಮಿನಿಯಂ ದೋಣಿ ಕಟ್ಟುವ ಕೈಗಾರಿಕೆಯೇ ಬೆಳೆಯಿತು.

ಅಂಗೈ ಆಳದ ನೀರಿನಲ್ಲಿ ಓಡಬಲ್ಲ ದೋಣಿ ಕಲ್ಲಿಗೆ ತಾಗದೆ ಇರಲಾರದು. ಅಲೆ ಇಡೀ ತಳಕ್ಕೆ ಹರಡಿ ಬಡಿದರೆ ಕಲ್ಲು ಒಂದೇ ಬಿಂದುವಿಗೆ ಬಡಿಯುತ್ತದೆ. ಎರಡು ಪಕ್ಕೆಲುಬುಗಳ ನಡುವೆ ತಾಗಿದರೆ ತಗಡು ತಗ್ಗುಬಿದ್ದು ಪೆಟ್ಟನ್ನು ನುಂಗುತ್ತದೆ; ನೇರ ಪಕ್ಕೆಲುಬಿನ ಕೆಳಗೇ ತಾಗಿದರೆ ಬಾಗಲು ಜಾಗವಿಲ್ಲದೆ ಸೀಳುವ ಅಪಾಯ ಹೆಚ್ಚು. ಇಲ್ಲಿ ದಪ್ಪಕ್ಕೆ ಬದಲಿಯಿಲ್ಲ. ಆ ನದಿಗಳ ದೋಣಿಗಳ ತಳ 0.190 ಇಂಚಿನಿಂದ ಕಾಲು ಇಂಚಿನವರೆಗೆ, ಅಂದರೆ 4.8ರಿಂದ 6.35 ಮಿಲಿಮೀಟರ್. ಕೆಲವರು ಅದರ ಅಡಿಗೆ ಯುಎಚ್‌ಎಂಡಬ್ಲ್ಯು ಎಂಬ ಜಾರುವ ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನೂ ಬಿಗಿದಿರುತ್ತಾರೆ. ಕಲ್ಲಿಗೆ ತಾಗಿದ ದೋಣಿ ಕಚ್ಚಿಕೊಂಡು ನಿಲ್ಲದೆ ಜಾರಿಹೋಗಲಿ ಎಂಬುದು ಅದರ ಉದ್ದೇಶ. ಪಕ್ಕದ ಗೋಡೆಗಳಿಗೆ ಇಷ್ಟು ದಪ್ಪ ಬೇಕಿಲ್ಲ. ಮೂರು ಮಿಲಿಮೀಟರ್ ಧಾರಾಳ.

ಇನ್ನು ಲೋಹದ ಗುಣ. ರಿವೆಟ್ ದೋಣಿಗಳಲ್ಲಿ ಹೆಚ್ಚಾಗಿ ಕಾಣುವುದು 5052 ಎಂಬ ಸಂಖ್ಯೆಯ ಮಿಶ್ರಲೋಹ, ಬೆಸುಗೆಯ ದೊಡ್ಡ ದೋಣಿಗಳಲ್ಲಿ 5086 ಮತ್ತು 5083. ಇವಕ್ಕೆ ಬಲ ಕೊಡುವುದು ಮೆಗ್ನೀಸಿಯಂ: 5052ರಲ್ಲಿ ಶೇ 2.5ರ ಆಸುಪಾಸು, 5083ರಲ್ಲಿ ಶೇ 4ರಿಂದ 4.9. ಕಾಯಿಸಿ ಹದಗೊಳಿಸಿದ 6061 ಕಾಗದದ ಮೇಲೆ ಇವೆಲ್ಲಕ್ಕಿಂತ ಗಟ್ಟಿ, ಆದರೆ ಬೆಸುಗೆಯ ಕಾವು ತಾಗಿದ ಪಟ್ಟಿಯಲ್ಲಿ ಅದರ ಬಲ ಅರ್ಧದ ಹತ್ತಿರಕ್ಕೆ ಕುಸಿಯುತ್ತದೆ. ಗ್ರುಮ್ಮನ್ ಅದನ್ನು ರಿವೆಟ್ ಹೊಡೆದು ಬಳಸಿತು. ಬೆಸುಗೆ ಹಾಕುವ ತಳಕ್ಕೆ ಅದು ತಕ್ಕದ್ದಲ್ಲ.

ಹೆಚ್ಚು ಮೆಗ್ನೀಸಿಯಂ ಇರುವ ಲೋಹಕ್ಕೂ ಒಂದು ಕಾಯಿಲೆಯಿದೆ. ಶೇ 3ಕ್ಕಿಂತ ಹೆಚ್ಚಿದ್ದು, ತಗಡು ಬಹುಕಾಲ 65 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಬಿಸಿಯಾಗುತ್ತಿದ್ದರೆ ಮೆಗ್ನೀಸಿಯಂ ಲೋಹದ ಕಣಗಳ ಅಂಚಿಗೆ ಬಂದು ಕೂರುತ್ತದೆ. ಉಪ್ಪುನೀರು ಆ ಅಂಚುಗಳನ್ನೇ ಹುಡುಕಿ ತಿನ್ನುತ್ತದೆ. ಅಮೆರಿಕದ ಟೈಕಾಂಡರೋಗ ವರ್ಗದ ಯುದ್ಧನೌಕೆಗಳ ಮೇಲ್ಕಟ್ಟಡದ 5456 ಲೋಹ ಬಿರುಕು ಬಿಟ್ಟದ್ದು ಈ ಕಾಯಿಲೆಯಿಂದಲೇ. 2000ದ ದಶಕದ ಆರಂಭದಲ್ಲಿ ಅಮೆರಿಕದ ಪಶ್ಚಿಮ ತೀರದ ದೋಣಿಗಳಲ್ಲಿ ಕಾರ್ಖಾನೆಯಿಂದಲೇ ದೋಷ ಹೊತ್ತು ಬಂದ 5083 ತಗಡು ಸಿಕ್ಕಿದ್ದೂ ಉಂಟು. ಆಮೇಲೆ 2003ರಲ್ಲಿ ಸಮುದ್ರ ಬಳಕೆಯ ತಗಡಿಗೆಂದೇ ಎಎಸ್‌ಟಿಎಂ ಬಿ928 ಮಾನದಂಡ ಬಂತು. ಹೊಸ ದೋಣಿ ಕಟ್ಟಿಸುವವರು ದಪ್ಪದ ಜೊತೆ ಆ ಮಾನದಂಡದ ಪ್ರಮಾಣಪತ್ರವನ್ನೂ ಕೇಳಬೇಕು. ಕಾಯಿಲೆಯ ತಗಡು ಎಷ್ಟು ದಪ್ಪವಿದ್ದರೇನು?

ಉಪ್ಪುನೀರಿನಲ್ಲಿ ತಾಮ್ರ ಇನ್ನೊಂದು ವೈರಿ. ತಾಮ್ರ ಬೆರೆತ ಬಣ್ಣ, ತಳದಲ್ಲಿ ಬಿದ್ದಿರುವ ತಂತಿಯ ತುಂಡು, ಹುಳು ಹಿಡಿಯದಂತೆ ತಾಮ್ರದ ಔಷಧ ಕುಡಿಸಿದ ಹಲಗೆ, ಯಾವುದಾದರೂ ಸಾಕು, ಅಲ್ಯುಮಿನಿಯಂ ಚುಕ್ಕಿ ಚುಕ್ಕಿಯಾಗಿ ಕೊರೆದುಹೋಗುತ್ತದೆ. ಒಳ್ಳೆಯ ದೋಣಿಗೆ ಹೊಸ ನೆಲ ಹಾಕಿಸುವಾಗ ಅಂಥ ಹಲಗೆ ಬಳಸಿ ತಳವನ್ನೇ ಕಳೆದುಕೊಂಡವರಿದ್ದಾರೆ. ಈ ಕೊರೆತಕ್ಕೆ ದಪ್ಪ ತಗಡು ಮದ್ದಲ್ಲ, ಅದು ಕೊಡುವುದು ಕಾಲಾವಕಾಶ ಮಾತ್ರ.

ಈ ಎಲ್ಲ ಒತ್ತಾಯಗಳೂ ಒಂದೇ ದೋಣಿಯ ಮೇಲೆ ಬೀಳುವುದನ್ನು ನೋಡಬೇಕೆಂದರೆ ಅಲಾಸ್ಕದ ಬ್ರಿಸ್ಟಲ್ ಕೊಲ್ಲಿಗೆ ಹೋಗಬೇಕು. ಜಗತ್ತಿನ ಅತಿದೊಡ್ಡ ಸಾಕ್‌ಐ ಸಾಲ್ಮನ್ ಮೀನುಗಾರಿಕೆ ಅಲ್ಲಿಯದು. 1951ರವರೆಗೆ ಎಂಜಿನ್ ದೋಣಿಗೆ ಅನುಮತಿಯೇ ಇರಲಿಲ್ಲ. ಹಾಯಿ ಕಟ್ಟಿಯೇ ಬಲೆ ಬೀಸುತ್ತಿದ್ದರು. ದೋಣಿಯ ಉದ್ದ 32 ಅಡಿ ಮೀರಬಾರದೆಂಬ ನಿಯಮ ಇಂದಿಗೂ ಇದೆ. ಉದ್ದ ಬೆಳೆಯುವಂತಿಲ್ಲವಾದ್ದರಿಂದ ದೋಣಿಗಳು ಅಗಲಕ್ಕೆ ಬೆಳೆದವು. ಈಚಿನವು ಹದಿನೈದು ಅಡಿಗೂ ಮೀರಿ ಅಗಲ. ಮೀನು ಬರುವ ಕೆಲವೇ ವಾರಗಳಲ್ಲಿ ಆದಷ್ಟು ತುಂಬಿಕೊಳ್ಳಬೇಕು, ತುಂಬಿದ ಮೇಲೂ ಆಳವಿಲ್ಲದ ನೀರಿನಲ್ಲಿ ಓಡಬೇಕು. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು, ಟನ್‌ಗಟ್ಟಲೆ ಮೀನು ಹೊತ್ತ ದೋಣಿ ಕೆಸರಿನ ಮೇಲೆ ಕೂರುವುದೂ ಅಲ್ಲಿ ಸಾಮಾನ್ಯ. ಅದಕ್ಕೆಂದೇ ಅಲ್ಲಿನವರು ತಳಕ್ಕೆ ಕಾಲು ಇಂಚಿನ ತಗಡು ಹಾಕಿ, ಒಳಗೆ ಉದ್ದುದ್ದ ತೊಲೆಗಳನ್ನು ಒತ್ತಾಗಿ ಕೊಡುತ್ತಾರೆ. ದಪ್ಪವನ್ನೂ ಬಿಡುವುದಿಲ್ಲ, ಪಕ್ಕೆಲುಬನ್ನೂ ಬಿಡುವುದಿಲ್ಲ. ಹೆಚ್ಚಿದ ತೂಕವನ್ನು ಮೇಲ್ಭಾಗದಲ್ಲಿ ತೆಳು ತಗಡು ಬಳಸಿ ಸರಿದೂಗಿಸುತ್ತಾರೆ.

ಹೊಸತು ಕಟ್ಟಿಸುವಷ್ಟು ಹಣವಿಲ್ಲದೆ ಹಳೆಯ ದೋಣಿ ಹುಡುಕುವವರೇ ಹೆಚ್ಚು. ಅವರು ಹಳೆಯ ಹಾಳೆಯಲ್ಲಿರುವ ಸಂಖ್ಯೆಯನ್ನು ನೆಚ್ಚಬೇಕಾಗಿಲ್ಲ. ಹೊರಗಿನಿಂದ ಒತ್ತಿ ಹಿಡಿದರೆ ತಗಡಿನ ದಪ್ಪ ತೋರಿಸುವ ಕೈಯಲ್ಲಿ ಹಿಡಿಯುವಂಥ ಅಲ್ಟ್ರಾಸೌಂಡ್ ಉಪಕರಣ ಸಿಗುತ್ತದೆ. ಬಣ್ಣವನ್ನೂ ಸೇರಿಸಿ ಅಳೆಯುವ ಮಾದರಿಯಾದರೆ ಆ ಜಾಗದಲ್ಲಿ ಬಣ್ಣ ಕೆರೆಯಬೇಕು. ಮೊದಲು ಎಲ್ಲೂ ಸವೆಯದ ಪಕ್ಕದ ಗೋಡೆಯ ಮೇಲ್ಭಾಗದಲ್ಲಿ ಇಟ್ಟು ನೋಡಿ. ಆಮೇಲೆ ನೀರು ನಿಲ್ಲುವ ಹಿಂಭಾಗದ ತಗ್ಗು, ಪೆಟ್ರೋಲು ಟ್ಯಾಂಕಿನ ಅಡಿ, ಒದ್ದೆ ಫೋಮ್ ತಗಡಿಗೆ ಅಂಟಿ ಕೂತಿರುವ ಕಡೆ, ಟ್ರೇಲರಿನ ಉರುಳೆಗಳು ಒತ್ತುವ ಗೆರೆ, ಈ ನಾಲ್ಕು ಜಾಗಗಳಲ್ಲಿ ಹತ್ತಿರ ಹತ್ತಿರ ಇಟ್ಟು ಅಳೆಯಿರಿ. ಕೊರೆತದ ಚುಕ್ಕಿ ಉಪಕರಣದ ತುದಿಗಿಂತ ಕಿರಿದಾಗಿರಬಹುದಾದ್ದರಿಂದ ಬ್ಯಾಟರಿ ಹಿಡಿದು ಒಳಗಿನಿಂದಲೂ ನೋಡಬೇಕು. ಮಾರುವವರು ನೆಲಹಲಗೆ ಎತ್ತಲು ಒಪ್ಪದಿದ್ದರೆ ಆ ದೋಣಿಯನ್ನು ಬಿಟ್ಟು ಇನ್ನೊಂದನ್ನು ನೋಡುವುದು ಉತ್ತಮ.